ದೇವರ ಜಗಲಿಯ ಮೇಲಿಟ್ಟ ಹಸಿರು ಗಾಜು

ಎಂಬತ್ತರ ದಶಕದ ನಡುವಿನ ಮಾತು. ಬಾಗಲಕೋಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಧಾರವಾಡದ ಮಾರ್ಗದರ್ಶಕರೊಬ್ಬರ ಕೈಕೆಳಗೆ ಸಂಶೋಧನೆಗೆ ಬಿದ್ದಿದ್ದೆ. ಬಿದ್ದಿದ್ದೆ ಎಂಬುದೇ ಸರಿಯಾದ ಮಾತು. ಅನಿಲೀನ್ ಎಂಬ ರಾಸಾಯನಿಕದ ಅಣುಗಳನ್ನು ಸರಪಳಿಯಾಗಿ ಹೆಣೆದರೆ ವಿದ್ಯುತ್ತು ಹರಿಸಬಲ್ಲ ಒಂದು ಬಗೆಯ ಪ್ಲಾಸ್ಟಿಕ್ಕು ಸಿಗುತ್ತದೆ. ಆ ಸರಪಳಿಗೆ ಸಣ್ಣ ಸಣ್ಣ ಕೊಂಬೆ ಕೂಡಿಸಿದರೆ ಅದು ಚೂರು ತಿರುಚಿಕೊಂಡು, ಹೀರುವ ಬೆಳಕು ನೀಲಿಯ ಕಡೆ ಸರಿಯಬೇಕು. ಸರಿಯುತ್ತದೆ ಎಂದು ನಾನು, ತೋರಿಸಿ ಎಂದು ಅವರು. ಈ ಸಲವೂ ಅಳತೆ ಸಿಗದಿದ್ದರೆ ವಿಷಯವನ್ನು ಬೇರೆಯವರಿಗೆ ಕೊಡುತ್ತೇನೆಂದು ಹೇಳಿ ಕಳಿಸಿದ್ದರು.

ನಾಲ್ಕು ಗಾಜಿನ ಪಟ್ಟಿಗಳ ಮೇಲೆ ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳುವಾದ ಹಸಿರು ಪೊರೆ ಕೂಡಿಸಿದೆ; ಎರಡರಲ್ಲಿ ಕೊಂಬೆಯಿದ್ದ ಸರಪಳಿ, ಎರಡರಲ್ಲಿ ಕೊಂಬೆಯಿಲ್ಲದ್ದು. ಕಾಲೇಜಿನಲ್ಲಿ ಹುಡುಗರು ಮುಟ್ಟಿಯಾರೆಂದು ಹೆದರಿ, ಡಬ್ಬಿಯಲ್ಲಿ ನಿಲ್ಲಿಸಿ ಮನೆಗೆ ತಂದು ದೇವರ ಜಗಲಿಯ ಮೇಲಿಟ್ಟೆ. ಅಲ್ಲಿ ಯಾರೂ ಕೈಯಾಡಿಸುವುದಿಲ್ಲ ಎಂಬ ಧೈರ್ಯ. ಆದರೂ ಊಟ ಅರ್ಧಕ್ಕೇ ಬಿಟ್ಟೇಳುತ್ತಿದ್ದೆ. ಪೊರೆ ಬಿರಿದರೆ? ಬಸ್ಸು ಕೆಟ್ಟರೆ? ಧಾರವಾಡದಲ್ಲಿ ಬೆಳಕು ಅಳೆಯುವ ಯಂತ್ರದ ದೀಪವೇ ಸುಟ್ಟುಹೋಗಿದ್ದರೆ? ಅವ್ವ ಏನು ಕೇಳಿದರೂ ಹರಿಹಾಯುತ್ತಿದ್ದೆ.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯಿಂದ ಇಳಿಸಲಿಲ್ಲ. ಪಕ್ಕದ ಮುದುಕಿ ಒಳಗೇನಿದೆ ಎಂದು ಬೆನ್ನುಹತ್ತಿದಾಗ ಹಪ್ಪಳ ಎಂದುಬಿಟ್ಟೆ.

ಧಾರವಾಡದ ಪ್ರಯೋಗಾಲಯದಲ್ಲಿ ಮುಚ್ಚಳ ತೆಗೆದೆ. ನಾಲ್ಕೂ ಹಸಿರು ಗಾಜುಗಳ ಮೇಲೆ ಅಡ್ಡಡ್ಡ ಮೂರು ನೀಲಿ ಗೆರೆ, ಅಂಚಿನಲ್ಲಿ ಬಿಳಿ ಬೂದಿ. ನಮ್ಮ ಮನೆಯಲ್ಲಿ ಹೊಸ ಸೈಕಲ್ಲಿರಲಿ, ಪರೀಕ್ಷೆಯ ಪೆನ್ನಿರಲಿ, ಅವ್ವನ ವಿಭೂತಿ ಬೀಳದೆ ಹೊಸ್ತಿಲು ದಾಟುವುದಿಲ್ಲ. ನೀರಲ್ಲಿ ಕಲಸಿದ ವಿಭೂತಿ ಎಂದರೆ ಕ್ಷಾರ. ಆಮ್ಲದ ಬಲದಿಂದ ಹಸಿರಾಗಿ ನಿಂತ ಪೊರೆಗೆ ಕ್ಷಾರ ತಾಗಿದರೆ ನೀಲಿಯಾಗದೆ ಇನ್ನೇನಾದೀತು?

ಯಾರು ಮುಟ್ಟಿದ್ದರು ಎಂದು ಮಾರ್ಗದರ್ಶಕರು ಕೇಳಿದರು. ನಾನೇ ಎಂದೆ. ಅವರು ಗಾಜುಗಳನ್ನು ಆಮ್ಲದಲ್ಲಿ ಅದ್ದಿದರು. ನೀಲಿ ಹೋಗಿ ಹಸಿರು ಮರಳಿತು, ಆದರೆ ಬೆರಳು ಎಳೆದ ಕಡೆಯೆಲ್ಲ ಪೊರೆಯೇ ಎದ್ದುಬಂತು. ಕೊಂಬೆ ಕೂಡಿಸಿದ ಒಂದು ಗಾಜಿನ ಮೂಲೆ ಮಾತ್ರ ಉಳಿದಿತ್ತು. ಅದನ್ನೇ ತಿರುಗಿಸಿ ಯಂತ್ರದ ಬೆಳಕಿಗೆ ಒಡ್ಡಿದರು. ಕಾಗದದ ಮೇಲೆ ಯಂತ್ರದ ಪೆನ್ನು ಗೆರೆ ಎಳೆಯುತ್ತ ಹೊರಟಿತು. ಕೊಂಬೆಯಿಲ್ಲದ ಸರಪಳಿಯ ಹಳೆಯ ಗೆರೆ ಅವರ ಬಳಿ ಇತ್ತು, ಎರಡನ್ನೂ ಒಂದರ ಮೇಲೊಂದು ಹಿಡಿದರು. ಹೊಸ ಗೆರೆಯ ಉಬ್ಬು ನೀಲಿಯ ಕಡೆ ಸರಿದಿತ್ತು. ಸ್ವಲ್ಪವೇ, ಆದರೆ ಖರೆ.

"ಮುಂದುವರಸ್ರಿ," ಎಂದರು. "ಮನ್ಯಾಗ ಮಾತ್ರ ಇಡಬ್ಯಾಡ್ರಿ."

ಕೆಲಸ ಉಳಿದರೂ ಸಿಟ್ಟು ಇಳಿದಿರಲಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ಕೂಗಾಡಿದೆ. ಯಾಕೆ ಮುಟ್ಟಿದೆ, ಯಾರು ಹೇಳಿದ್ದರು ಎಂದೆಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನೀ ಸರಿಯಾಗಿ ಉಣ್ಣವಲ್ಲಿ, ಮಲಗವಲ್ಲಿ. ನನಗ ನೋಡಾಕ ಆಗ್ಲಿಲ್ಲ," ಎಂದಳು. "ನಿನ್ನ ಕೆಲಸದಾಗ ನನ್ನ ಕೈಲೆ ಆಗೂದು ಏನೈತಿ? ಇದೊಂದ ಗೊತ್ತಿತ್ತು. ಹಚ್ಚಿದೆ."

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತ ಅವ್ವ ನನ್ನನ್ನೇ ನೋಡುತ್ತಿದ್ದಳು. ನನಗೆ ಹೆದರಿದ್ದಳು. ಅವಳ ಮುಂದೆ ಕೂತು ಹಣೆ ಒಡ್ಡಿದೆ.

"ಇನ್ನ ಮ್ಯಾಲೆ ಹಚ್ಚೂದಿದ್ರ ನನಗ ಹಚ್ಚವಾ."