ಅಡ್ಜಸ್ಟ್ ಆಗದ ಗಣಪತಿ

ವಿಗ್ರಹದ ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದ ನನಗೆ ಅಡ್ಜಸ್ಟ್ ಅನ್ನುವ ಒಂದೇ ಇಂಗ್ಲಿಷ್ ಮಾತು ಸಾಕಾಗಿತ್ತು. ಮಾಲೂರು ಬಸ್ಸಿನಲ್ಲಿ ಅದರರ್ಥ ಸ್ವಲ್ಪ ಸರಿದು ಕೂರಿ ಅಂತ, ಅಂಗಡಿಯಲ್ಲಿ ರೇಟು ಇಳಿಸಿ ಅಂತ, ಬೀಗರ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರಿ ಅಂತ.

ಎಂಬತ್ತನೇ ಇಸವಿಯ ಆಸುಪಾಸಿನಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ ಕಲ್ಲಿನ ಗಣಪತಿ ಮಾಡಿಸಿಕೊಡಲು ಒಪ್ಪಿಕೊಂಡಿದ್ದೆ. ಪ್ರತಿಷ್ಠೆಗೆ ಮೂರೇ ದಿನ. ಶಿವಾರಪಟ್ಟಣಕ್ಕೆ ಹೋದರೆ ಶಿಲ್ಪಿ ವೀರಾಚಾರಿ ಮುಗಿದ ವಿಗ್ರಹದ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಕೊನೆಗೊಮ್ಮೆ ಉಳಿಯಿಂದ ತಟ್ಟಿ ನೋಡುವುದು ಅವರ ಪದ್ಧತಿ. ಗಂಟೆಯ ಹಾಗೆ ನುಡಿಯಬೇಕಾದ ಕಲ್ಲು ಒಡಕು ಮಡಕೆಯ ಸದ್ದು ಮಾಡಿತ್ತು.

“ಒಳಗೆ ಸೀಳಿದೆ ಸಾಮಿ. ಪೂಜೆಗೆ ಬರಲ್ಲ.”

“ಯಾರಿಗೆ ಕಾಣುತ್ತೆ? ಅಡ್ಜಸ್ಟ್ ಮಾಡ್ಕೊಳ್ರೀ.”

“ಕಾಣಲ್ಲ. ನಂಗೆ ಕೇಳಿಸ್ತಲ್ಲ!”

ಎರಡು ತಿಂಗಳ ದುಡಿಮೆ ಕಳೆದುಕೊಳ್ಳುತ್ತಿದ್ದವರು ಅವರು.

ಬೈಗುಳಕ್ಕೆ ಸಿದ್ಧನಾಗಿಯೇ ಹಳ್ಳಿಗೆ ಹೋಗಿ ವಿಷಯ ಹೇಳಿದೆ. ಊರಿನ ಹಿರಿಯ ಗೌಡರು, “ಬೇರೆ ಕೆತ್ತಲಿ ಬಿಡಿ, ಇನ್ನೊಂದು ಮುಹೂರ್ತ ನೋಡೋಣ. ಅಂಥ ಕೈ ಕೆತ್ತಿದ ದೇವರೇ ನಮಗೆ ಬೇಕು” ಅಂದರು. ಆಮೇಲೆ ನನ್ನ ಕಡೆ ತಿರುಗಿ, “ಅದ್ಸರಿ, ಹೋದ್ವರ್ಷ ನೀವು ಕೊಟ್ಟ ನಂದೀನ ಯಾರಾದ್ರೂ ತಟ್ಟಿ ನೋಡಿದ್ರಾ?” ಎಂದು ಕೇಳಿದರು.

ಆ ನಂದಿ ವೀರಾಚಾರಿ ಕೆತ್ತಿದ್ದಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದುಬಿಟ್ಟೆ.