ಬುಧಗಾಂವಕ್ಕೆ ನನಗಿಂತ ಮೊದಲು ಬಂದವನು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಮಾಧವನಗರ ದಾಟಿ ಬುಧಗಾಂವದ ಕಡೆ ಹೊರಟಿದ್ದ ನನ್ನ ಬೈಕಿನ ಮುಂದಿನ ಬ್ರೇಕು ಸಡಿಲಾಗತೊಡಗಿದ್ದು ಆಗ. ತಡವಾಯಿತೆಂದು ಅದೇ ತಾನೇ ಗಡಿಯಾರ ನೋಡಿಕೊಂಡಿದ್ದರಿಂದ ಹೊತ್ತು ನೆನಪಿದೆ. ಅಲ್ಲಿಯವರೆಗೆ ನಾನು ಇಂಥ ಕಥೆಗಳನ್ನು ನಂಬಿದವನಲ್ಲ. ಯಾರಾದರೂ ತಾವು ಕಂಡದ್ದು, ಕೇಳಿದ್ದು ಎಂದು ಶುರುಮಾಡಿದರೆ ಮೊಬೈಲು ತೆಗೆದು ಕೂರುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಮ್ಮ ಮನೆ ಮಿರಜಿನಲ್ಲಿ, ವ್ಯಾಪಾರ ಸಾಂಗ್ಲಿಯ ಅರಿಶಿಣ ಪೇಟೆಯಲ್ಲಿ. ಡಿಗ್ರಿ ಮುಗಿಸಿ ನಾನೂ ಅದರಲ್ಲೇ ಸೇರಿಕೊಂಡೆ. ಇರುವ ಶೋಕಿ ಒಂದೇ, ಹಳೆಯ ಮೋಟಾರ್‌ಸೈಕಲ್ಲು. ನನ್ನ ಹತ್ತಿರ ಇದ್ದದ್ದು ತಯಾರಿಕೆ ನಿಂತು ಎಷ್ಟೋ ಕಾಲವಾದ ಗಾಡಿ. ಸಿಗ್ನಲ್ಲಿನಲ್ಲಿ ನಿಂತರೆ ಜನ ಫೋಟೊ ತೆಗೆಯುತ್ತಿದ್ದರು. ಅದರ ದೋಷವೂ ಅಷ್ಟೇ ಪ್ರಸಿದ್ಧ. ಚಕ್ರದೊಳಗಿನ ಬ್ರೇಕ್ ಡ್ರಮ್ಮು ಬಿಸಿಯಾಯಿತೆಂದರೆ ಮುಂದಿನ ಬ್ರೇಕು ಹಿಡಿಯುವುದಿಲ್ಲ. ಆ ಗಾಡಿ ಇಟ್ಟುಕೊಂಡ ಎಲ್ಲರಿಗೂ ಇದು ಗೊತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅದೊಂದು ತಮಾಷೆಯ ಮಾತೇ ಆಗಿತ್ತು.

ನನಗೆ ಮಾರಿದಾತ ಹೊಸ ಗಾಡಿಯೊಂದರ ಡಿಸ್ಕ್ ಬ್ರೇಕ್ ತಂದು ಅದಕ್ಕೆ ಕೂರಿಸಿದ್ದ. ಚೆನ್ನಾಗಿಯೇ ಹಿಡಿಯುತ್ತಿತ್ತು. ಆದರೆ ಅಂದು ಸಂಜೆ ಸಾಂಗ್ಲಿಯಲ್ಲಿ ಹಳೆಯ ಗಾಡಿಗಳ ರ್‍ಯಾಲಿ ಇತ್ತು. ಬೇರೆ ಗಾಡಿಯ ಸಾಮಾನು ಹಾಕಿದ್ದರೆ ‘ಒರಿಜಿನಲ್’ ಸಾಲಿನಲ್ಲಿ ನಿಲ್ಲಿಸಿಕೊಳ್ಳುವುದಿಲ್ಲ. ಹಾಗಾಗಿ ಹಿಂದಿನ ದಿನ ಆ ಒಳ್ಳೆಯ ಬ್ರೇಕನ್ನು ನನ್ನ ಕೈಯಾರೆ ಬಿಚ್ಚಿ, ಕೆಟ್ಟದ್ದೆಂದು ಗೊತ್ತಿದ್ದ ಹಳೆಯ ಡ್ರಮ್ಮನ್ನು ಒರೆಸಿ, ಹೊಳಪು ಕೊಟ್ಟು, ವಾಪಸು ಹಾಕಿದೆ. ಗಾಡಿಯ ಮಾನ ಉಳಿಯಿತು ಅಂದುಕೊಂಡೆ.

ಬುಧಗಾಂವದಲ್ಲಿರುವ ಕಾಕಾನ ಮಗಳು ಗಿರಿಜಾ ಇಳಕಲ್ ಸೀರೆ ಉಟ್ಟು ನನ್ನ ಹಿಂದೆ ಕೂತು ರ್‍ಯಾಲಿಗೆ ಬರುತ್ತೇನೆಂದು ಹಟ ಹಿಡಿದಿದ್ದಳು. ಹಾಗೆ ಬಂದರೆ ಎಲ್ಲರ ಕಣ್ಣು ನಮ್ಮ ಮೇಲೆಯೇ ಎಂಬ ಆಸೆ ನನಗೂ ಇತ್ತು. ಮಿರಜಿನಿಂದ ಹೊರಟವನು ದಾರಿಯುದ್ದಕ್ಕೂ ಒಂದೇ ಯೋಚನೆ ಮಾಡುತ್ತಿದ್ದೆ. ಬ್ರೇಕು ಸರಿಯಿಲ್ಲ, ನನಗೆ ಮೊದಲೇ ಗೊತ್ತಿತ್ತು, ಅವಳನ್ನು ಬಸ್ಸಿನಲ್ಲಿ ಕಳಿಸಿ ಎಂದು ಹೇಳಿಬಿಡಲೇ? ಫೋನು ಜೇಬಿನಲ್ಲೇ ಇತ್ತು. ಅಷ್ಟು ಕೊಚ್ಚಿಕೊಂಡ ಮೇಲೆ ಹೇಗೆ ಹೇಳಲಿ ಎಂದು ಹೇಳಲಿಲ್ಲ.

ಊರು ಸಮೀಪಿಸುವಾಗ ಕಬ್ಬಿನ ಟ್ರ್ಯಾಕ್ಟರೊಂದು ಪಕ್ಕದ ದಾರಿಯಿಂದ ರಸ್ತೆಗೆ ಬಂತು. ಬ್ರೇಕು ಹಿಡಿದೆ. ಲಿವರು ಹ್ಯಾಂಡಲ್ಲಿಗೆ ತಾಗಿತು, ಗಾಡಿ ನಿಲ್ಲಲಿಲ್ಲ. ಹಿಂದಿನ ಬ್ರೇಕು ಒತ್ತಿದಾಗ ಗಾಡಿ ಅಡ್ಡ ತಿರುಗಿ, ಅದರ ಹಿಂಬದಿ ಟ್ರಾಲಿಯ ಕಬ್ಬಿಣದ ಮೂಲೆಗೆ ಬಡಿಯಿತು. ನಾನು ಮಣ್ಣಿಗೆ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಎದ್ದು ನೋಡಿದರೆ ಹಿಂದಿನ ಸೀಟು ಇರಲಿಲ್ಲ. ಅದು ಟ್ರಾಲಿಯ ಮೂಲೆಗೆ ಸಿಕ್ಕಿ ನೇತಾಡುತ್ತಿತ್ತು. ಟ್ರ್ಯಾಕ್ಟರಿನವನು ಇಳಿದು ಬಂದು, ಹಿಂದೆ ಯಾರೂ ಕೂತಿರಲಿಲ್ಲ ತಾನೆ ಎಂದು ಮರಾಠಿಯಲ್ಲಿ ಮತ್ತೆ ಮತ್ತೆ ಕೇಳಿದ. ಹೋಗುವಾಗಿನ ಬದಲು ಬರುವಾಗ ಹೀಗಾಗಿದ್ದರೆ?

ಗಾಡಿ ಅಲ್ಲೇ ಬಿಟ್ಟು ನಡೆದುಕೊಂಡು ಕಾಕಾನ ಮನೆಗೆ ಹೋದೆ. ಪ್ಲಗ್ಗು ಸುಟ್ಟಿತು ಎಂಬ ಸುಳ್ಳನ್ನು ದಾರಿಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಗಿರಿಜಾಳ ತಾಯಿ, ನಮ್ಮ ಕಾಕು, ಬಾಗಿಲಲ್ಲೇ ನಿಂತಿದ್ದಳು.

“ಮತ್ಯಾಕ ಬಂದಿ ತಮ್ಮಾ? ಆಕಿನ್ನ ಬಸ್ಸಿಗೆ ಕಳಿಸಿ ತಾಸ ಆಗಾಕ ಬಂತಲ್ಲ.”

“ಯಾರು ಹೇಳಿದ್ರಿ ಕಳಸಾಕ?”

“ನೀನs ಹೇಳಿ ಹೋದಿ, ಈಗ ನನ್ನ ಕೇಳ್ತಿ? ಗಾಡಿ ಸಪ್ಪಳಾ ಇಲ್ಲ ಏನಿಲ್ಲ, ನಡಕೋತ ಬಂದಿ. ಒಂದು ತಂಬಿಗಿ ನೀರು ಕುಡದಿ. ‘ಬ್ರೇಕ್ ಸರಿ ಇಲ್ರಿ ಕಾಕು, ನನಗ ಮದಲs ಗೊತ್ತಿತ್ತು, ಆಕಿನ್ನ ಬಸ್ಸಿನ್ಯಾಗ ಕಳಸ್ರಿ’ ಅಂದಿ. ಕುಂದರು ಅಂದ್ರೂ ಕುಂದರಲಿಲ್ಲ. ತಲಿಗೆ ಬಿಸಲು ಹತ್ತೇತೇನು?”

ಲೆಕ್ಕ ಹಾಕಿದೆ. ಅವಳು ಹೇಳುವ ಹೊತ್ತಿಗೆ ನಾನು ಇನ್ನೂ ಸಾಂಗ್ಲಿಯನ್ನೇ ದಾಟಿರಲಿಲ್ಲ. ಕಾಕುವಿನ ಕಣ್ಣು ಚೆನ್ನಾಗಿದೆ. ಆಗ ಒಳಗೆ ಸೀರೆ ಉಡುತ್ತಿದ್ದ ಗಿರಿಜಾಳೂ ನನ್ನ ದನಿ ಕೇಳಿದ್ದಳಂತೆ. ಬ್ರೇಕು ಬದಲಿಸಿದ ಸಂಗತಿ ನಾನು ಯಾರಿಗೂ ಹೇಳಿರಲಿಲ್ಲ.

ಆಗ ನಾನು ಮಾಡಿದ್ದೇ ನನ್ನನ್ನು ಇಂದಿಗೂ ತಿನ್ನುತ್ತದೆ. “ಹೂಂರಿ, ಮರತಿದ್ದೆ” ಎಂದೆ. ಆ ಒಳ್ಳೆಯತನವನ್ನು ಸುಮ್ಮನೆ ನನ್ನದೆಂದು ತೆಗೆದುಕೊಂಡೆ. ದಾರಿಯಲ್ಲಿ ಬಿದ್ದಿದ್ದ ಗಾಡಿ ನೋಡಿದ ಮೇಲೆ ಕಾಕಾ ನೆಂಟರ ಮುಂದೆಲ್ಲ, ಹುಡುಗ ತನ್ನ ಗಾಡಿಯ ದೋಷ ತಾನೇ ಒಪ್ಪಿಕೊಂಡ, ಅದಕ್ಕೇ ನನ್ನ ಮಗಳು ಉಳಿದಳು ಎಂದು ಹೇಳಿಕೊಂಡು ತಿರುಗಿದ. ನಾನು ತಲೆ ತಗ್ಗಿಸಿದರೆ ಅದನ್ನು ವಿನಯ ಅಂದುಕೊಂಡರು. ಗುಂಪಿನವರು ಮಾತ್ರ, “ಪೆಟ್ರೋಲ್ ಟಾಕಿ ಒರಿಜಿನಲ್ ಉಳೀತಲ್ಲ, ಬಿಡಪಾ” ಎಂದು ಸಮಾಧಾನ ಹೇಳಿದರು.

ನಿದ್ದೆ ಅಂದಿನಿಂದಲೇ ಹೋಯಿತು. ಕಣ್ಣು ಮುಚ್ಚಿದರೆ ಲಿವರು ಹ್ಯಾಂಡಲ್ಲಿಗೆ ತಾಗುತ್ತಿತ್ತು, ಟ್ರಾಲಿಯ ಮೂಲೆ ಬರುತ್ತಿತ್ತು, ಆ ಸೀಟಿನ ಮೇಲೆ ಇಳಕಲ್ ಸೆರಗು ಇರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಬಾಗಿಲಲ್ಲಿ ನಿಂತು ನೀರು ಕುಡಿದವನು ಯಾರು ಎಂದು ಕೇಳಿಕೊಳ್ಳುತ್ತಿದ್ದೆ. ಯಾರೇ ಆಗಲಿ, ನನಗಿಂತ ಒಳ್ಳೆಯವನು.

ಬೇಸಗೆಯಲ್ಲಿ ಗಾಡಿ ರಿಪೇರಿಯಾಗಿ ಬಂತು. ಗಿರಿಜಾ ಮಿರಜಿಗೆ ಬಂದಾಗ ಅದರ ಹೊಸ ಸೀಟು ತಟ್ಟಿ, “ನೀ ಸುಳ್ಳು ಹೇಳೂದಿಲ್ಲ ಅಣ್ಣಾ. ಬ್ರೇಕ್ ಈಗ ಸರಿ ಆಗೇತಿ ಅಂದ್ರ ಈಗಿಂದೀಗ ಕುಂದರತೀನಿ” ಎಂದಳು. ಅಂದು ಸುಮ್ಮನಿರಲು ಆಗಲಿಲ್ಲ. ಅಂಗಳದಲ್ಲೇ ಎಲ್ಲವನ್ನೂ ಹೇಳಿದೆ: ಅಂದು ನಿಮ್ಮ ಮನೆಗೆ ಮೊದಲು ಬಂದದ್ದು ನಾನಲ್ಲ, ಬ್ರೇಕಿನ ಸಂಗತಿ ಹೇಳುವ ಮನಸ್ಸೂ ನನಗಿರಲಿಲ್ಲ ಎಂದೆ.

ಬಂದವನು ಯಾರು ಎಂದು ಅವಳು ಕೇಳಲಿಲ್ಲ.

“ಬ್ರೇಕ್ ಕೆಟ್ಟೇತಿ ಅಂತ ನಿನಗ ಗೊತ್ತಿತ್ತು?”

“ಗೊತ್ತಿತ್ತು.”

“ಗೊತ್ತಿದ್ದೂ ನನ್ನ ಕರಕೊಂಡು ಹೋಗಾಕ ಹೊಂಟಿದ್ದಿ?”

“ಹೂಂ.”

ಅವಳು ಸೀಟಿನ ಮೇಲಿನ ಕೈ ತೆಗೆದಳು. ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದಳು. ಬಿಟ್ಟು ಬರುತ್ತೇನೆ ಎಂದರೆ ತಿರುಗಿಯೂ ನೋಡಲಿಲ್ಲ. ಇಂದಿಗೂ ನನ್ನೊಡನೆ ಸರಿಯಾಗಿ ಮಾತಾಡುವುದಿಲ್ಲ. ಆದರೆ ಅವಳಿಗೆ ಎಲ್ಲ ಹೇಳಿದ ಆ ರಾತ್ರಿ ನಾನು ಬೆಳಗಿನ ತನಕ ಒಮ್ಮೆಯೂ ಎಚ್ಚರವಾಗದೆ ನಿದ್ದೆ ಮಾಡಿದೆ.