ಮರಿ ಕೊಡುವ ಮುನ್ನ ಮನೆ ನೋಡಬೇಕು

ಗೋವಾದ ಚಿಂಬಲ್‌ನಲ್ಲಿರುವ ಸಾವಂತ್ರೆವ್ವ ತನ್ನ ಸ್ಪೈಡರ್ ಗಿಡದ ಮರಿಗಳನ್ನು ಕೇಳಿದವರಿಗೆಲ್ಲ ಕೊಡುವವಳಲ್ಲ. ಹೆಣ್ಣು ಕೊಡುವವರ ಹಾಗೆ ಮೊದಲು ಹೋಗಿ ಮನೆ ನೋಡಿ ಬರುತ್ತಾಳೆ. ಇಳಕಲ್ ಸೀರೆ ಉಟ್ಟು ಹೋಗಿ, ಕೊಟ್ಟ ಚಹಾ ಕುಡಿದು, ಕಿಟಕಿಯ ಮುಂದೆ ಅಂಗೈ ಚಾಚಿ ನಿಲ್ಲುತ್ತಾಳೆ. ಅಂಗೈ ಚುರ್ರೆಂದರೆ ಸಂಬಂಧ ಮುರಿದಂತೆಯೇ. "ಬೆಳಕ ಬೇಕ್ರಿ, ಬಿಸಲ ಬ್ಯಾಡ. ಎಲಿ ತುದಿ ಸುಟ್ಟ ಹೋಗ್ತಾವ" ಎಂದು ಎದ್ದು ಬರುತ್ತಾಳೆ. ಒಪ್ಪಿಗೆಯಾದರೆ ಮರಿಗೆ ಅರಿಸಿನ ಕುಂಕುಮ ಹಚ್ಚಿ ಕಳಿಸುತ್ತಾಳೆ; ಪಡೆದವರು ಅಂದಿನಿಂದ ಬೀಗರು. ಆಮೇಲೂ ಹೇಳದೆ ಕೇಳದೆ ಹೋಗಿ ಕುಂಡದ ಮಣ್ಣಿಗೆ ಬೆರಳಿಡುತ್ತಾಳೆ. "ಮಣ್ಣ ಒಣಗಿದ ಮ್ಯಾಲ ನೀರ ಹಾಕ್ರಿ, ಇಲ್ಲಂದ್ರ ಬೇರ ಕೊಳಿತಾವ" ಎಂದು ಬೀಗರ ಬೆವರಿಳಿಸುತ್ತಾಳೆ. ಮೊನ್ನೆ ಹೊಸ ಬೀಗತಿ ಅಂಬಿಕಾ, "ಹುಲ್ಲಿನಂಥಾ ಗಿಡಕ್ಕ ಇಷ್ಟೆಲ್ಲಾ ಯಾಕ್ರಿ, ಅಕ್ಕಾರ?" ಎಂದಳು. ಸಾವಂತ್ರೆವ್ವ ಚಹಾದ ಬಸಿ ಕೆಳಗಿಟ್ಟಳು. "ನನ್ನ ಕೊಡುಮುಂದ ನಮ್ಮಪ್ಪ ಬರೇ ಹುಡುಗನ್ನ ನೋಡಿದ್ದ, ಖೋಲಿ ನೋಡಿರಲಿಲ್ಲ. ಒಂದ ಕಿಡಕಿ ಸುದ್ಧಾ ಇರಲಿಲ್ಲವ್ವಾ." ಈಗ ಇದೆ. ಮದುವೆಯಾದ ವಾರದಲ್ಲೇ ಗಂಡ ಕಂಠೆಪ್ಪ, ಗೌಂಡಿ ಕೆಲಸದವನು, ಮಾಲಕನನ್ನೂ ಕೇಳದೆ ಗೋಡೆ ಒಡೆದು ಅವಸರದಲ್ಲಿ ಕೂಡಿಸಿದ ಸೊಟ್ಟ ಕಿಟಕಿ. ತಾಯಿಗಿಡ ತೂಗುವುದು ಅಲ್ಲೇ. ಇಷ್ಟು ಮನೆ ನೋಡಿದರೂ ಅಂಥ ಬೆಳಕು ಇನ್ನೊಂದು ಕಿಟಕಿಯಲ್ಲಿಲ್ಲ ಎಂಬುದು ಸಾವಂತ್ರೆವ್ವನ ತೀರ್ಪು.